ಶಿರಸಿಯ ಬೆಟ್ಟದ ದಾರಿಯಲ್ಲಿ ಸೈಕಲ್: ಹಸ್ತ ಮಳೆಯಿಂದ ಮೃಗಶಿರದವರೆಗೆ

ನಮ್ಮ ಕಡೆ ಮೌಂಟನ್ ಬೈಕ್ ಹುಚ್ಚು ಹತ್ತುವುದು ಜಾಸ್ತಿ ಜುಲೈನಲ್ಲಿ. ಮಂಜು, ಹಸಿರು, ಜಲಪಾತದ ಫೋಟೋ ನೋಡಿ ಸೈಕಲ್ ಕೊಳ್ಳುತ್ತಾರೆ. ಆಗಸ್ಟ್ ಹೊತ್ತಿಗೆ ಎರಡು ಸಲ ಬಿದ್ದಿರುತ್ತಾರೆ, ಚೈನಿಗೆ ತುಕ್ಕು ಬಂದಿರುತ್ತದೆ, ಸೈಕಲ್ ಕೊಟ್ಟಿಗೆಯ ಮೂಲೆ ಸೇರುತ್ತದೆ. ನಾನೂ ಹಾಗೇ ಶುರು ಮಾಡಿದವನು. ಪುಷ್ಯ ಮಳೆಯಲ್ಲಿ ಹಾವಸೆ (ಪಾಚಿ) ಹಿಡಿದ ಸಂಕದ, ಅಂದರೆ ಹಳ್ಳ ದಾಟುವ ಕಾಲುಸೇತುವೆಯ ಮೇಲೆ ಸೈಕಲ್ ಹತ್ತಿಸಲು ಹೋಗಿ ಸೈಕಲ್ ಸಮೇತ ಹಳ್ಳಕ್ಕೆ ಬಿದ್ದೆ. ನೀರು ಮೊಣಕಾಲಷ್ಟೇ ಇತ್ತು. ಸೊಂಟದಷ್ಟು ಇದ್ದಿದ್ದರೆ ಕತೆ ಬೇರೆ ಇತ್ತು.

ಆಮೇಲೆ ಒಂದು ವಿಷಯ ಅರ್ಥವಾಯಿತು. ಇಲ್ಲಿ ಸವಾರಿಯ ವರ್ಷ ಶುರುವಾಗುವುದು ಹಸ್ತ ಮಳೆ ಮುಗಿದ ಮೇಲೆ, ಅಂದರೆ ಅಕ್ಟೋಬರ್ ಎರಡನೇ ವಾರದ ಸುಮಾರಿಗೆ. ಮುಗಿಯುವುದು ಜೂನ್ ಮೊದಲ ವಾರ, ಮೃಗಶಿರ ಕೂಡುವಾಗ. ನಡುವೆ ಯಾವ ದಾರಿಗೆ ಯಾವಾಗ ಹೋಗಬೇಕು ಎಂದು ಹೇಳುವುದು ಅಡಿಕೆ ತೋಟದ ಕೆಲಸ. ಕೊನೆ (ಅಡಿಕೆ ಗೊನೆ) ಕೊಯ್ಲು, ದರಕು (ಒಣ ಎಲೆ) ಗುಡಿಸುವುದು, ಮದ್ದು ಹೊಡೆಯುವುದು, ಇವುಗಳನ್ನು ಗಮನಿಸಿದರೆ ಸಾಕು, ಸೈಕಲ್ಲಿನ ಕ್ಯಾಲೆಂಡರ್ ತಾನಾಗೇ ಸಿಗುತ್ತದೆ. ಕೆಳಗೆ ಬರೆದಿದ್ದೆಲ್ಲ ಆ ಲೆಕ್ಕದಲ್ಲೇ ಇದೆ.

ಮೊದಲು ದಾರಿ ಯಾರದ್ದು ಎಂದು ತಿಳಿಯಿರಿ

ಇಲ್ಲಿ ಸೈಕಲ್ಲಿಗಾಗಿ ಯಾರೂ ದಾರಿ ಮಾಡಿಲ್ಲ. ಇರುವುದು ತೋಟಕ್ಕೆ ಇಳಿಯುವ ದಾರಿ, ಸೊಪ್ಪು ತರುವ ಗಾಡಿದಾರಿ, ಬ್ಯಾಣಕ್ಕೆ (ಹುಲ್ಲುಗಾವಲಿಗೆ) ದನ ಹೋಗುವ ದಾರಿ, ಕಾನಿನೊಳಗಿನ (ದಟ್ಟ ಕಾಡಿನೊಳಗಿನ) ಕಾಲುದಾರಿ. ಸವಾರಿಗೆ ಒಳ್ಳೆಯದು ಎರಡನೆಯದು ಮತ್ತು ಮೂರನೆಯದು. ಗಾಡಿದಾರಿಯ ಏರು ಎತ್ತಿಗೆ ತಕ್ಕಂತೆ ಇರುತ್ತದೆ, ಹಾಗಾಗಿ ನಮ್ಮ ಕಾಲಿಗೂ ಸರಿಹೋಗುತ್ತದೆ.

ಸೊಪ್ಪಿನ ಬೆಟ್ಟ ಎಂದರೆ ಏನು ಎಂದು ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತೆಗೆದುಕೊಳ್ಳಲು ಬ್ರಿಟಿಷರ ಕಾಲದಿಂದ ಬಂದ ಸವಲತ್ತು ಅದು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಭೂಮಿ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಹಾಗಾಗಿ ಬೆಟ್ಟದ ದಾರಿಗೆ ಹೋಗುವ ಮೊದಲು ಆ ಮನೆಯ ಅಂಗಳಕ್ಕೆ ಹೋಗಿ ಒಂದು ಮಾತು ಹೇಳುವುದು ವಾಡಿಕೆ. ಇದುವರೆಗೆ ನನಗೆ ಬೇಡ ಎಂದವರು ಕಡಿಮೆ. ಆಸರಿಗೆ (ಕುಡಿಯಲು) ಬೇಕಾ ಎಂದು ಕೇಳಿದವರೇ ಜಾಸ್ತಿ.

ಮೀಸಲು ಅರಣ್ಯ, ಸಂರಕ್ಷಿತ ಪ್ರದೇಶ ಬೇರೆ ವಿಷಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಸೈಕಲ್ ತಳ್ಳಿಕೊಂಡು ಹೋಗುವ ಯೋಚನೆಯೇ ಬೇಡ. ಸಿಂಗಳೀಕಗಳಿಗಾಗಿ ಮೀಸಲಿಟ್ಟ ಅಘನಾಶಿನಿ ಕಣಿವೆಯಲ್ಲೂ ಊರ ರಸ್ತೆ ಬಿಟ್ಟು ಒಳಗೆ ಇಳಿಯಬೇಡಿ. ಗಡಿ ಎಲ್ಲಿದೆ ಎಂದು ಅನುಮಾನ ಬಂದರೆ ಅರಣ್ಯ ಇಲಾಖೆಯ ಹತ್ತಿರದ ಕಚೇರಿಯಲ್ಲಿ ಕೇಳಿ. ಫೋನಿನ ನಕ್ಷೆ ನಂಬಬೇಡಿ. ಅದು ತೋರಿಸುವ ಅರ್ಧ ದಾರಿ ಯಾರದೋ ಹಿತ್ತಿಲಲ್ಲಿ ಮುಗಿಯುತ್ತದೆ, ಇನ್ನರ್ಧ ಮರದ ನೆರಳಲ್ಲಿ ಕಾಣುವುದೇ ಇಲ್ಲ.

ಮೊದಲ ಸುತ್ತಿಗೆ 5ರಿಂದ 8 ಕಿಲೋಮೀಟರ್ ಸಾಕು. ಅದನ್ನು ಹೀಗೆ ಆರಿಸಿಕೊಳ್ಳಿ:

1. ಎರಡು ಕಡೆಯಾದರೂ ಟಾರ್ ರಸ್ತೆಗೆ ಸೇರುವಂತಿರಲಿ. ಅರ್ಧದಲ್ಲಿ ಸೈಕಲ್ ಕೆಟ್ಟರೆ ತಳ್ಳಿಕೊಂಡು ಹೊರಗೆ ಬರಬೇಕಲ್ಲ.

2. ಮೊದಲ ಸಲ ನಡೆದೇ ಹೋಗಿ. ಸಂಕ ಎಲ್ಲಿ, ಅಗಳ (ಗಡಿ ಕಾಲುವೆ) ಎಲ್ಲಿ, ಧರೆ (ದಾರಿ ಬದಿಯ ಮಣ್ಣಿನ ದಿಬ್ಬ) ಕುಸಿದಿದ್ದು ಎಲ್ಲಿ, ಫೋನ್ ಸಿಗ್ನಲ್ ಸಿಗುವ ದಿಣ್ಣೆ ಯಾವುದು, ಎಲ್ಲ ನೋಡಿಕೊಳ್ಳಿ. ಕೊನೆಯದು ತುಂಬಾ ಮುಖ್ಯ.

3. ದಣಪೆ (ಬೇಲಿಯ ಅಡ್ಡಗಳುವಿನ ಗೇಟು) ಹೇಗಿತ್ತೋ ಹಾಗೇ ಬಿಟ್ಟು ಬನ್ನಿ. ಹಾಕಿದ್ದರೆ ಹಾಕಿ, ತೆಗೆದಿದ್ದರೆ ತೆಗೆದೇ ಇರಲಿ. ಒಮ್ಮೆ ಮರೆತು ಹೋಗಿದ್ದಕ್ಕೆ ಎರಡು ಎಮ್ಮೆ ಗದ್ದೆಗೆ ನುಗ್ಗಿದ್ದವು. ಆ ಊರಿನ ದಾರಿ ನನಗೆ ಒಂದು ವರ್ಷ ಬಂದ್ ಆಗಿತ್ತು.

4. ಐಬೆಕ್ಸ್ ಬೇಲಿ ಎಲ್ಲೆಲ್ಲಿ ಎಂದು ಕೇಳಿಕೊಳ್ಳಿ. ಹಂದಿ, ಕಾಡುಕೋಣಕ್ಕೆ ಹಾಕಿದ ಸೋಲಾರ್ ತಂತಿಯನ್ನು ಸಾಮಾನ್ಯವಾಗಿ ಸಂಜೆ ಚಾಲೂ ಮಾಡುತ್ತಾರೆ. ಬೆಳಿಗ್ಗೆ ತೆರೆದಿದ್ದ ದಾರಿಗೆ ಸಂಜೆ ತಂತಿ ಅಡ್ಡ ಬಂದಿರುತ್ತದೆ. ಇಳಿಜಾರಿನಲ್ಲಿ ಸಪೂರ ತಂತಿ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ಅಜ್ಜ ನನ್ನನ್ನು ತಡೆದು ನಿಲ್ಲಿಸಿದ್ದರು: "ತಮಾ, ಆ ಬದಿಗೆ ಹೋಗಡ, ತಂತಿ ಹಾಕಿದ್ದಿ." ಆ ಮಾತಿಗೆ ನಾನು ಇವತ್ತಿಗೂ ಋಣಿ.

ಇನ್ನೊಂದು. ದಾರಿಗೆ ಬಾಗಿದ ಗಿಡ ಕಡಿದು ಅಗಲ ಮಾಡಬೇಡಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯವರು ಮರ ಅಪ್ಪಿಕೊಂಡು ಕಾಡು ಉಳಿಸಿದ ಸೀಮೆ ಇದು. ಸೈಕಲ್ಲಿಗೆ ಅಡ್ಡ ಬಂತು ಅಂತ ಇಲ್ಲಿ ಗಿಡ ಕಡಿದರೆ ಊರಿನಲ್ಲಿ ಮುಖ ತೋರಿಸುವುದು ಕಷ್ಟ.

ಸೈಕಲ್ ಎಂಥದ್ದು ಬೇಕು

ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಸಾಕು. ಶಾಕ್ 100ರಿಂದ 120 ಮಿಲಿಮೀಟರ್, ಚಕ್ರ 29 ಇಂಚು, ಕುಳ್ಳಗಿದ್ದರೆ 27.5 ಇಂಚು. ಹಿಂದೂ ಮುಂದೂ ಶಾಕ್ ಇರುವ ಸೈಕಲ್ ಹತ್ತಿದರೆ ಸುಖವೇ. ಆದರೆ ಅದರ ಕೀಲುಗಳಲ್ಲಿ ಬೇರಿಂಗ್ ಜಾಸ್ತಿ, ನಮ್ಮ ರಾಡಿ ಅವನ್ನು ತಿಂದು ಮುಗಿಸುತ್ತದೆ. ದುಡ್ಡು ಉಳಿದರೆ ಅದನ್ನು ಬ್ರೇಕಿಗೂ ಟಯರಿಗೂ ಹಾಕಿ.

ಬ್ರೇಕ್ ಡಿಸ್ಕ್ ಇರಲೇಬೇಕು. ಮಣ್ಣು ಹಿಡಿದ ರಿಮ್ಮಿಗೆ ಉಜ್ಜುವ ಬ್ರೇಕು ಘಟ್ಟದ ಇಳಿಜಾರಿನಲ್ಲಿ ಕೈಕೊಡುತ್ತದೆ. ಎಣ್ಣೆಯ ಡಿಸ್ಕ್ ಬ್ರೇಕು ಒಂದೇ ಬೆರಳಿಗೆ ಹಿಡಿಯುತ್ತದೆ, ಕೈ ಸೋಲುವುದಿಲ್ಲ. ಕೇಬಲ್ಲಿನ ಡಿಸ್ಕ್ ಬ್ರೇಕಿಗೆ ಬಲ ಹಾಕಬೇಕು, ಆದರೆ ಕೇಬಲ್ ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಪೇಟೆಯಿಂದ ದೂರ ಇರುವವರಿಗೆ ಕೇಬಲ್ಲೇ ಒಳ್ಳೆಯದು ಎಂದು ನನ್ನ ಲೆಕ್ಕ.

ಗೇರ್ ವಿಷಯದಲ್ಲಿ ಒಂದೇ ನೋಡಿ. ಅತಿ ಹಗುರ ಗೇರಿನಲ್ಲಿ ಹಿಂದಿನ ಹಲ್ಲುಚಕ್ರದ ಹಲ್ಲು ಪೆಡಲ್ ಬಳಿಯ ಮುಂದಿನ ಹಲ್ಲುಚಕ್ರದ ಹಲ್ಲಿಗಿಂತ ಜಾಸ್ತಿ ಇರಬೇಕು. ಇಲ್ಲದಿದ್ದರೆ ನಮ್ಮ ಏರಿನಲ್ಲಿ ಇಳಿದು ತಳ್ಳುವುದೇ ಆಗುತ್ತದೆ.

ಸೀಟಿನ ಎತ್ತರ ಹೊಂದಿಸುವುದು ಸುಲಭ. ಗೋಡೆ ಹಿಡಿದು ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೇರ ಆಗಬೇಕು. ಇದು ಏರಿಗೆ. ಉದ್ದದ ಇಳಿಜಾರು ಬಂದಾಗ ಇಳಿದು ಸೀಟನ್ನು ನಾಲ್ಕು ಬೆರಳು ತಗ್ಗಿಸಿ. ಮೊದಲ ವರ್ಷ ನಾನು ಇದನ್ನು ಮಾಡುತ್ತಿರಲಿಲ್ಲ, ಸೋಮಾರಿತನ. ಎರಡು ಸಲ ಹ್ಯಾಂಡಲ್ ದಾಟಿ ಹಾರಿದ ಮೇಲೆ ಮಾಡತೊಡಗಿದೆ.

ಗಾಳಿ ಎಷ್ಟು

ಹೆಚ್ಚಿನವರು ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯಲ್ಲಿ ಟಯರ್ ಕಲ್ಲಿನಂತಾಗುವವರೆಗೆ ಗಾಳಿ ತುಂಬುತ್ತಾರೆ. ಟಾರ್ ರಸ್ತೆಗೆ ಅದು ಸರಿ. ಬೆಟ್ಟದ ದಾರಿಯಲ್ಲಿ ಅಂಥ ಟಯರು ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ, ನೆಲ ಕಚ್ಚುವುದಿಲ್ಲ.

ಮೈತೂಕ 65ರಿಂದ 70 ಕಿಲೋ, ಟಯರ್ ಅಗಲ 2.2 ಇಂಚು, ಒಳಗೆ ಟ್ಯೂಬ್ ಇದೆ ಎಂದುಕೊಳ್ಳಿ. ಒಣ ನೆಲಕ್ಕೆ ಮುಂದೆ 26, ಹಿಂದೆ 29 ಪಿಎಸ್‌ಐನಿಂದ (ಇದು ಗಾಳಿಯ ಒತ್ತಡದ ಅಳತೆ) ಶುರು ಮಾಡಿ. ಮೈತೂಕ 5 ಕಿಲೋ ಜಾಸ್ತಿ ಇದ್ದರೆ 1 ಪಿಎಸ್‌ಐ ಜಾಸ್ತಿ. ನೆಲ ಒದ್ದೆ ಇದ್ದರೆ 2 ಕಡಿಮೆ. ತೀರಾ ಇಳಿಸಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ಒಂದು ತೂತಾದರೆ ಮುಳ್ಳು, ಅಕ್ಕಪಕ್ಕ ಎರಡಾದರೆ ಗಾಳಿ ಕಡಿಮೆ, ಇಷ್ಟೇ ಗುಟ್ಟು. ಗೇಜ್ ಇರುವ ಪಂಪು ಮನೆಯಲ್ಲಿ ಇರಲಿ. ಹೆಬ್ಬೆರಳಿನ ಅಂದಾಜು ನಂಬಬೇಡಿ.

ಟ್ಯೂಬ್ ಇಲ್ಲದ ಟಯರ್ ಹಾಕಿಸಿದರೆ ಇನ್ನೂ 4–5 ಇಳಿಸಬಹುದು. ಒಳಗಿನ ಅಂಟುದ್ರವ ಸಣ್ಣ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತದೆ. ಬಿದಿರು ಮುಳ್ಳು ಬಿದ್ದ ದಾರಿಗೆ ಇದು ದೊಡ್ಡ ಅನುಕೂಲ. ಆದರೆ ದ್ರವ ಒಣಗುತ್ತದೆ, ಮೂರ್ನಾಲ್ಕು ತಿಂಗಳಿಗೊಮ್ಮೆ ನೋಡಿ ತುಂಬಬೇಕು.

ಬ್ಯಾಣದಲ್ಲಿ ಒಂದು ವಾರ

ಕಾಡಿನ ದಾರಿಗೆ ಹೋಗುವ ಮೊದಲು ಒಂದು ವಾರ ಹುಲ್ಲಿನ ಬ್ಯಾಣದಲ್ಲಿ ಕಲಿಯಿರಿ. ಬಿದ್ದರೂ ಪೆಟ್ಟು ಕಡಿಮೆ. ಹೆಲ್ಮೆಟ್, ಕೈಗವಸು ಮೊದಲ ದಿನದಿಂದಲೇ ಇರಲಿ. ಒಮ್ಮೆ ಜೋರಾಗಿ ಬಿದ್ದು ತಲೆ ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ. ಹೊರಗೆ ಚೆನ್ನಾಗಿಯೇ ಕಂಡರೂ ಒಳಗಿನ ಥರ್ಮಾಕೋಲ್ ಒತ್ತಿ ಹೋಗಿರುತ್ತದೆ.

ಮೊದಲು ನಿಲ್ಲುವುದು ಕಲಿಯಿರಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ, ಸೀಟಿನಿಂದ ಸ್ವಲ್ಪ ಮೇಲೆದ್ದು, ಮೊಣಕೈ ಹೊರಕ್ಕೆ ಬಾಗಿಸಿ, ಹಿಮ್ಮಡಿ ತಗ್ಗಿಸಿ. ಒಂದು ಪೆಡಲ್ ಕೆಳಗಿದ್ದರೆ ಕಲ್ಲಿಗೋ ಬೊಡ್ಡೆಗೋ ಬಡಿಯುವುದು ಖಂಡಿತ. ಭಾರವೆಲ್ಲ ಪಾದದ ಮೇಲೆ ಇರಬೇಕು, ಕೈ ಮೇಲೆ ಅಲ್ಲ. ಸರಿಯಾಗಿ ನಿಂತಿದ್ದೀರಾ ಎಂದು ತಿಳಿಯಲು ಹ್ಯಾಂಡಲ್ ಮೇಲಿನ ಹಿಡಿತ ಒಂದು ಕ್ಷಣ ಸಡಿಲ ಮಾಡಿ. ಮುಂದಕ್ಕೆ ಮುಗ್ಗರಿಸದಿದ್ದರೆ ಸರಿ.

ಆಮೇಲೆ ಬ್ರೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಎಂದು ಚಿಕ್ಕಂದಿನಲ್ಲಿ ಎಲ್ಲರಿಗೂ ಹೆದರಿಸಿರುತ್ತಾರೆ, ಅಲ್ವಾ? ನಿಜವಾಗಿ ಸೈಕಲ್ ನಿಲ್ಲಿಸುವುದು ಮುಖ್ಯವಾಗಿ ಅದೇ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗಿ ಬರೀ ಜಾರುತ್ತದೆ. ಒಂದು ಕೋಲು ನೆಟ್ಟು ಅದರ ಹತ್ತಿರ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಮೊದಲು ಹಿಂದಿನದರಿಂದ ಮಾತ್ರ, ಆಮೇಲೆ ಎರಡರಿಂದ. ಎಷ್ಟು ಬೇಗ ನಿಲ್ಲುತ್ತದೆ ಎಂದು ನಿಮಗೇ ಕಾಣುತ್ತದೆ. ಒಂದೊಂದೇ ಬೆರಳಿನಲ್ಲಿ, ಹಿಂಡಿದ ಹಾಗೆ ಹಿಡಿಯಿರಿ. ಗಬಕ್ಕನೆ ಅಲ್ಲ. ಹಿಡಿಯುವಾಗ ಸೊಂಟ ಹಿಂದಕ್ಕೆ ಹೋಗಲಿ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಬಿಟ್ಟುಬಿಡಿ.

ಮೂರನೆಯದು ಕಣ್ಣು. ಕಲ್ಲನ್ನು ನೋಡಿದರೆ ಕಲ್ಲಿಗೇ ಹೋಗುತ್ತೀರಿ. ಹೋಗಬೇಕಾದ ಕಡೆ, ಹತ್ತು ಹೆಜ್ಜೆ ಮುಂದೆ ನೋಡಿ.

ಏರಿನಲ್ಲಿ ಹಗುರ ಗೇರಿಗೆ ಬೇಗ ಬನ್ನಿ, ಏರು ಶುರುವಾದ ಮೇಲೆ ಬದಲಿಸಲು ಹೋದರೆ ಚೈನು ಕಿರುಚುತ್ತದೆ. ಸೀಟಿನ ಮೂತಿಗೆ ಜರುಗಿ ಎದೆ ತಗ್ಗಿಸಿ ಕೂರಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಗರಸಿನಲ್ಲಿ (ಉದುರುಗಲ್ಲಿನಲ್ಲಿ) ಗಿರಗಿರ ತಿರುಗುತ್ತದೆ ಅಷ್ಟೇ.

ನಮ್ಮ ನೆಲದ ಐದು ತೊಂದರೆ

ಗರಸು: ಚಿರೇಕಲ್ಲು ಒಡೆದು ಉದುರಿದ ಗೋಲಿಯಂಥ ಕೆಂಪು ಕಲ್ಲು. ಡಿಸೆಂಬರ್ ನಂತರ ಒಣಗಿ ಬಾಲ್ ಬೇರಿಂಗಿನ ಹಾಗೆ ಉರುಳುತ್ತದೆ. ಸೈಕಲ್ಲನ್ನು ನೇರ ಇಟ್ಟೇ ದಾಟಿ, ವಾಲಿಸಬೇಡಿ. ತಿರುವಿನಲ್ಲಿ ದಾರಿಯ ಬದಿಯಲ್ಲಿ ಇನ್ನೂ ಗಟ್ಟಿ ಮಣ್ಣು ಉಳಿದಿರುತ್ತದೆ, ಅದನ್ನು ಹುಡುಕಿ.

ದರಕು: ಒಣ ಎಲೆ ಚಂದ, ಆದರೆ ಅದರ ಅಡಿಯಲ್ಲಿ ಏನಿದೆ ಗೊತ್ತಾಗುವುದಿಲ್ಲ. ಹೊಂಡ, ಬೊಡ್ಡೆ, ಕಲ್ಲು, ಕೆಲವೊಮ್ಮೆ ಹಾವು. ಎಲೆ ಬಿದ್ದ ಮೇಲೆ ಗೊತ್ತಿರುವ ದಾರಿಯನ್ನೂ ಹೊಸ ದಾರಿ ಎಂದೇ ತಿಳಿದು ನಿಧಾನ ಹೋಗಿ.

ಬೇರು: ಒಣಗಿದ್ದರೆ ಚಿಂತೆ ಇಲ್ಲ. ಒದ್ದೆ ಬೇರು ಸೋಪು. ಚಕ್ರ ಬೇರಿಗೆ ಅಡ್ಡಲಾಗಿ, ಕೂಡಿಸುವ ಚಿಹ್ನೆಯ ಹಾಗೆ ದಾಟಬೇಕು. ದಾಟುವ ಕ್ಷಣದಲ್ಲಿ ಬ್ರೇಕೂ ಬೇಡ, ಪೆಡಲೂ ಬೇಡ. ಬೇರು ದಾರಿಯುದ್ದಕ್ಕೆ ಹರಿದಿದ್ದರೆ ಇಳಿದು ತಳ್ಳಿ.

ಅಗಳ: ಬೆಟ್ಟದ ಗಡಿಗೆ ತೋಡಿದ ಹಳೆಯ ಕಾಲುವೆ. ಹುಲ್ಲು ಬೆಳೆದು ಮುಚ್ಚಿರುತ್ತದೆ. ಬೆಟ್ಟದ ಮೊದಲ ನಡಿಗೆ ಇದಕ್ಕಾಗಿಯೇ ಬೇಕು.

ಸಂಕ: ಇದರ ಬಗ್ಗೆ ಹೇಳಿದ್ದೇನೆ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕ ನಡೆಯುವವರಿಗೆ. ಸೈಕಲ್ ಹೆಗಲಿಗೆ ಹಾಕಿಕೊಂಡು, ಚೈನು ಹೊರಮೈಗೆ ಮಾಡಿಕೊಂಡು, ಹಳ್ಳದ ಮೇಲ್ಬದಿಗೆ ಮುಖ ಮಾಡಿ ಅಡ್ಡಡ್ಡ ಹೆಜ್ಜೆ ಇಟ್ಟು ದಾಟಿ. ಯಾರೂ ನಗುವುದಿಲ್ಲ. ನಕ್ಕರೂ ಪರವಾಗಿಲ್ಲ.

ಅಕ್ಟೋಬರ್, ನವೆಂಬರ್: ಸುಗ್ಗಿ

ಚಿತ್ತೆ, ಸ್ವಾತಿಯ ಮಳೆ ಸಂಜೆ ಗುಡುಗಿ ಹೋಗುತ್ತದೆ. ಬೆಳಿಗ್ಗೆ ನೆಲ ಹದವಾಗಿ ಇರುತ್ತದೆ, ಧೂಳಿಲ್ಲ, ರಾಡಿ ಇಲ್ಲ. ಟಯರು ಕಚ್ಚಿ ಹಿಡಿಯುವುದು ಈ ಎರಡು ತಿಂಗಳು ಮಾತ್ರ. ಹೊಸಬರು ಇಲ್ಲಿ ಶುರು ಮಾಡಲಿ. ಬೆಳಿಗ್ಗೆ 6.30ಕ್ಕೆ ಹೊರಟು 10ರೊಳಗೆ ಮನೆ ಸೇರಿ. ಗುಡುಗಿನ ಸದ್ದು ಕೇಳಿದ ಮೇಲೆ ಬ್ಯಾಣದ ಬೋಳು ನೆತ್ತಿಯಲ್ಲಿ ನಿಲ್ಲಬೇಡಿ.

ಭತ್ತ ಕೊಯ್ಲಿನ ಹೊತ್ತಿಗೆ ದಾಂಡೇಲಿ ಕಡೆಯಿಂದ ಆನೆಗಳು ಹಳಿಯಾಳ, ಮುಂಡಗೋಡ, ಯಲ್ಲಾಪುರದ ಗದ್ದೆಗೆ ಬರುತ್ತವೆ. ಆ ತಾಲ್ಲೂಕುಗಳ ಒಳದಾರಿಗೆ ಹೋಗುವುದಾದರೆ ಊರವರನ್ನು ಕೇಳದೆ ಹೋಗಬೇಡಿ. ನಸುಕಿನಲ್ಲಂತೂ ಬೇಡವೇ ಬೇಡ.

ಡಿಸೆಂಬರ್‌ನಿಂದ ಫೆಬ್ರವರಿ

ಸವಾರಿಗೆ ತಂಪು, ಊರಿಗೆ ಬಿಡುವಿಲ್ಲ. ಕೊನೆ ಕೊಯ್ಲು ನಡೆಯುತ್ತಿರುತ್ತದೆ. ಮರದಿಂದ ಹಗ್ಗದಲ್ಲಿ ಕೊನೆ ಇಳಿಯುವಾಗ ತೋಟದ ಕೆಳಗೆ ಸೈಕಲ್ ಹೊಡೆಯಬೇಡಿ. ಅಂಗಳದಲ್ಲಿ, ಕೆಲವು ಕಡೆ ದಾರಿಯ ಬದಿಯಲ್ಲೂ ಅಡಿಕೆ ಹರಡಿರುತ್ತಾರೆ. ಟಯರಿನ ಮಣ್ಣು ಅದರ ಮೇಲೆ ಬಿದ್ದರೆ ಬೈಸಿಕೊಳ್ಳುವುದು ನ್ಯಾಯವೇ.

ಜನವರಿ ನಂತರ ಹೆಂಗಸರು ದರಕು ಗುಡಿಸಿ ಕಲ್ಲಿಗಳಲ್ಲಿ (ಹಗ್ಗದ ಬಲೆಚೀಲಗಳಲ್ಲಿ) ತುಂಬಿ ಹೊರುತ್ತಾರೆ. ತಲೆ ಮೇಲೆ ಹೊರೆ ಇದ್ದವರಿಗೆ ಮುಂದೆ ಸರಿಯಾಗಿ ಕಾಣುವುದಿಲ್ಲ. ದೂರದಿಂದಲೇ ಗಂಟೆ ಹೊಡೆಯಿರಿ, ಇಳಿದು ಬದಿಗೆ ನಿಲ್ಲಿ, "ದಾಟಿ ಅಕ್ಕ" ಎನ್ನಿ. ಅವರು ಗುಡಿಸಿ ಹೋದ ದಾರಿಯೇ ಮಾರನೇ ದಿನ ನಿಮಗೆ ಅತಿ ಒಳ್ಳೆಯ ದಾರಿ.

ಸಹಸ್ರಲಿಂಗದ ಕಡೆ ಊರುಗಳ ಒಳರಸ್ತೆ ಹಿಡಿದು ಹೋಗಲು ಇದೇ ಸಮಯ. ಶಾಲ್ಮಲಾ ನೀರು ಇಳಿದು ಲಿಂಗಗಳು ಕಾಣುತ್ತವೆ. ಸೈಕಲ್ಲನ್ನು ಮೇಲೇ ನಿಲ್ಲಿಸಿ, ನಡೆದು ಇಳಿಯಿರಿ. ಯಾಣಕ್ಕೂ ಹೋಗಬಹುದು, ಕೊನೆಯ ಕಾಲುದಾರಿಯಲ್ಲಿ ಮಾತ್ರ ತುಳಿಯಬೇಡಿ. ಶಿವರಾತ್ರಿ ಜಾತ್ರೆಯ ಸಮಯದಲ್ಲಿ ಆ ದಿಕ್ಕೇ ಬಿಡಿ. ದೇವಿಮನೆ ಘಟ್ಟ ಇಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಅದು ಲಾರಿ, ಬಸ್ಸು ಓಡುವ ಹೆದ್ದಾರಿ, ನಾನು ಅಲ್ಲಿಗೆ ಹೋಗುವುದಿಲ್ಲ.

ಆಲೆಮನೆ ನಡೆಯುವ ಊರಿನ ಮೇಲೆ ಹೋದರೆ ಇನ್ನೊಂದು ಅಪಾಯ ಇದೆ. ಎರಡು ಲೋಟ ಕಬ್ಬಿನ ಹಾಲು ಕುಡಿದ ಮೇಲೆ ಯಾವ ಏರೂ ಹತ್ತುವುದಿಲ್ಲ.

ಉಣುಗು, ಮಂಗನ ಕಾಯಿಲೆ: ಇದನ್ನು ಬಿಟ್ಟು ಓದಬೇಡಿ

ಚಳಿ, ಬೇಸಿಗೆಯಲ್ಲಿ ಸವಾರಿಗೆ ನಿಜವಾದ ಅಪಾಯ ಬೀಳುವುದಲ್ಲ, ಉಣುಗು (ಉಣ್ಣೆ ಹುಳ). ಮಂಗನ ಕಾಯಿಲೆ ಹರಡುವುದು ಅದು ಕಚ್ಚಿದರೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರ ತಾಲ್ಲೂಕಿನಲ್ಲಿ ಜನ ಇದರಿಂದ ಸತ್ತಿದ್ದಾರೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಆಗ ಎಲೆ ಅಡಿಯಲ್ಲಿ ಉಣುಗಿನ ಮರಿಗಳು ಜಾಸ್ತಿ. ಸಣ್ಣವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಹೊರಡುವ ಮೊದಲು ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿ. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ತಕ್ಷಣ ಆರೋಗ್ಯ ಇಲಾಖೆಗೆ ತಿಳಿಸಿ. ಪೂರ್ತಿ ಕೈ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಬಿಳಿ ಅಥವಾ ತಿಳಿ ಬಣ್ಣ ಇದ್ದರೆ ಹತ್ತಿದ ಉಣುಗು ಕಾಣುತ್ತದೆ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಉಣುಗು ಹತ್ತದಂತೆ ಕೊಡುವ ಡೇಪಾ ತೈಲವನ್ನು ಹೇಳಿದಂತೆ ಹಚ್ಚಿಕೊಳ್ಳಿ. ದರಕಿನ ಮೇಲೆ ಕೂತು ವಿಶ್ರಾಂತಿ ಬೇಡ. ಬಂಡೆ ಮೇಲೆ, ಟಾರ್ ರಸ್ತೆ ಮೇಲೆ ಕೂರಿ.

ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿ ನೀರಿಗೆ, ನೀವು ಬಚ್ಚಲಿಗೆ. ಸೋಪು ಹಚ್ಚಿ ಉಜ್ಜಿ ಮೀಯಿರಿ. ಕಿವಿ ಹಿಂದೆ, ಕಂಕುಳು, ಸೊಂಟ, ಮೊಣಕಾಲ ಹಿಂದೆ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ, ಉಗುರಲ್ಲಿ ಹಿಸುಕಬೇಡಿ. ಮುಂದಿನ ಒಂದೆರಡು ವಾರದಲ್ಲಿ ದಿಢೀರ್ ಜ್ವರ, ತಲೆನೋವು, ಮೈ ಕೈ ತೀವ್ರ ನೋವು ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿನ ದಾರಿಯಲ್ಲಿ ಸೈಕಲ್ ಹೊಡೆದಿದ್ದೆ ಎಂದು ಬಾಯಿ ಬಿಟ್ಟು ಹೇಳಿ.

ನಾನು ಮಾರ್ಚ್ ನಂತರ ಸಿದ್ದಾಪುರ ಕಡೆಯ ಕಾಲುದಾರಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಗಾಡಿದಾರಿ, ಮಣ್ಣು ರಸ್ತೆ ಸಾಕು.

ಮಾರ್ಚ್‌ನಿಂದ ಮೇ

ಬೆಳಿಗ್ಗೆ 9ಕ್ಕೆ ಮುಗಿಸಿ. ಎರಡು ಲೀಟರ್ ನೀರು ಬೇಕೇ ಬೇಕು. ಬರೀ ನೀರು ಕುಡಿದರೆ ಬೆವರಲ್ಲಿ ಹೋದ ಉಪ್ಪು ತುಂಬುವುದಿಲ್ಲ, ಮೀನಖಂಡ ಸೆಟೆಯುತ್ತದೆ. ಒಂದು ಬಾಟಲಿಯಲ್ಲಿ ಉಪ್ಪು, ಬೆಲ್ಲ ಹಾಕಿದ ಮುರುಗಲು (ಕೋಕಂ) ಪಾನಕ ಇರಲಿ. ಮನೆಗೆ ಬಂದ ಮೇಲೆ ತಣ್ಣಗಿನ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಎರಡು ಲೋಟ. ಪೇಟೆಯ ಬಣ್ಣದ ಪುಡಿಗಿಂತ ಇದು ನನಗೆ ಹಿಡಿಸುತ್ತದೆ.

ಕಾಡಿಗೆ ಬೆಂಕಿ ಬೀಳುವ ಕಾಲವೂ ಇದೇ. ಬೀಡಿ, ಬೆಂಕಿಪೆಟ್ಟಿಗೆ ಜೇಬಿನಲ್ಲೇ ಬೇಡ. ಹೆಜ್ಜೇನು ಕಟ್ಟಿದ ಮರ, ಬಂಡೆ ಎಲ್ಲಿದೆ ಎಂದು ಊರವರಿಗೆ ಗೊತ್ತಿರುತ್ತದೆ. ಅದರ ಕೆಳಗೆ ನಿಲ್ಲಬೇಡಿ, ಗಟ್ಟಿಯಾಗಿ ಕೂಗಬೇಡಿ. ಸೆಖೆ ತಡೆಯದವರು ಇದೇ ಸಮಯದಲ್ಲಿ ಕರಾವಳಿಗೆ ಇಳಿಯುತ್ತಾರೆ, ಅದು ತಲೆಕೆಳಗಾದ ಯೋಚನೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಕುಮಟೆ, ಕಾರವಾರದ ಮೇ ತಿಂಗಳ ಬೆವರು ಇಲ್ಲಿಲ್ಲ.

ಕರಾವಳಿಗೆ ಡಿಸೆಂಬರ್, ಜನವರಿ ಸರಿ. ಇಳಿತದ ಹೊತ್ತಿನಲ್ಲಿ ನೀರಂಚಿನ ಒದ್ದೆ ಮರಳು ಗಟ್ಟಿ ಇರುತ್ತದೆ, ಗಾಳಿ ಇಳಿಸಿದ ಟಯರು ಹಾಯಾಗಿ ಓಡುತ್ತದೆ. ತದಡಿಯಿಂದ ಅಘನಾಶಿನಿಗೆ ಸೈಕಲ್ ಸಮೇತ ಹೊಳೆ ದಾಟುವುದೇ ಒಂದು ಖುಷಿ. ಆದರೆ ಉಪ್ಪು ನೀರು ಸೈಕಲ್ಲಿಗೆ ವಿಷ. ಅದೇ ಸಂಜೆ ಸಿಹಿ ನೀರಲ್ಲಿ ತೊಳೆದು ಒರೆಸದಿದ್ದರೆ ಮಾರನೇ ದಿನ ಚೈನು ಕೆಂಪಾಗಿರುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಕಾಲುದಾರಿಗೆ ಇಳಿಯುವುದಿಲ್ಲ. ಅಪಾಯ ಒಂದು ಕಾರಣ. ಇನ್ನೊಂದು ದಾರಿಯ ಸ್ಥಿತಿ. ನೆನೆದ ಮಣ್ಣಿನ ಮೇಲೆ ಟಯರು ಒಂದು ಗೀರು ಎಳೆದರೆ, ಆ ಗೀರಿನಲ್ಲಿ ನೀರು ಹರಿದು, ತಿಂಗಳಲ್ಲಿ ಕೊರಕಲು ಆಗುತ್ತದೆ. ಅದೇ ದಾರಿಯಲ್ಲಿ ಕೊಟ್ಟೆ (ಮಳೆ ತಾಗದಂತೆ ಅಡಿಕೆ ಕೊನೆಗೆ ಕಟ್ಟುವ ಹೊದಿಕೆ), ಮೈಲುತುತ್ತ, ಸುಣ್ಣ ಹೊತ್ತು ಜನ ತೋಟಕ್ಕೆ ಇಳಿಯಬೇಕು. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಪೈಪು ದಾರಿಗಡ್ಡ ಬಿದ್ದಿರುತ್ತದೆ. ಆ ಕಾಲದಲ್ಲಿ ನಾವು ಮೋಜಿಗೆ ಅಲ್ಲಿಗೆ ಹೋಗುವುದು ಸರಿಯಲ್ಲ.

ಹಾಗಂತ ಪೂರ್ತಿ ಬಿಡಬೇಕಿಲ್ಲ. ಟಾರ್, ಕಾಂಕ್ರೀಟು, ಗಟ್ಟಿ ಗರಸು ಹಾಕಿದ ಊರ ರಸ್ತೆಯಲ್ಲಿ ಹೊಡೆಯಿರಿ. ಒಂದು ಪರೀಕ್ಷೆ ಇದೆ. ಹಿಂದೆ ತಿರುಗಿ ನೋಡಿ. ಟಯರಿನ ಗುರುತು ಬೆರಳ ಗೆಣ್ಣಿನಷ್ಟು ಆಳ ಬಿದ್ದಿದ್ದರೆ ಆ ದಾರಿ ಇವತ್ತಿಗಲ್ಲ. ಹರಿಯುವ ನೀರು ಮೊಣಕಾಲಿಗೆ ಬರುವ ಹಳ್ಳವನ್ನು ದಾಟಬೇಡಿ. ಘಟ್ಟದ ಮೇಲೆ ಎಲ್ಲೋ ಸುರಿದ ಮಳೆಗೆ ಕೆಳಗೆ ಏಕಾಏಕಿ ನೀರು ಏರುತ್ತದೆ. ಹೊಸದಾಗಿ ಬಿರುಕು ಬಿಟ್ಟ ಧರೆ, ಓರೆಯಾಗಿ ವಾಲಿದ ಮರ ಕಂಡರೆ ಅದರ ಕೆಳಗೆ ನಿಲ್ಲಬೇಡಿ.

ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಉಪ್ಪು, ಹೊಗೆಸೊಪ್ಪಿನ ನೀರು, ಯಾವುದಾದರೂ ಆಗುತ್ತದೆ. ನಾನು ಬೇವಿನ ಎಣ್ಣೆ ಹಚ್ಚುತ್ತೇನೆ. ಹತ್ತಿದರೂ ಗಾಬರಿ ಬೇಡ, ರಕ್ತ ಕುಡಿದು ತಾನೇ ಬೀಳುತ್ತದೆ.

ಬ್ರೇಕ್ ಪ್ಯಾಡಿನ ಮೇಲೆ ಕಣ್ಣಿರಲಿ. ಕೆಂಪು ರಾಡಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ನನ್ನ ಒಂದು ಜೊತೆ ಪ್ಯಾಡು ಒಂದೇ ಆಷಾಢದಲ್ಲಿ ಮುಗಿದಿತ್ತು. ಲೋಹ ಬೆರೆಸಿದ ಪ್ಯಾಡು ಮಳೆಗೆ ಬಾಳಿಕೆ ಬರುತ್ತದೆ, ಸ್ವಲ್ಪ ಕಿರುಚುತ್ತದೆ. ನಿಮ್ಮ ಡಿಸ್ಕಿಗೆ ಅದು ಹೊಂದುತ್ತದೆಯಾ ಎಂದು ಅಂಗಡಿಯಲ್ಲಿ ಕೇಳಿ.

ತೊಳೆಯುವುದು

ಸರ್ವೀಸ್ ಸ್ಟೇಷನ್ನಿನ ಜೋರು ಪೈಪು ಬೇಡ, ಬೇರಿಂಗಿನೊಳಗೆ ನೀರು ನುಗ್ಗುತ್ತದೆ. ಒಂದು ಬಕೆಟ್ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಬ್ರಷ್ ಸಾಕು. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಚೈನು ಕೊನೆಗೆ. ಶಾಕಿನ ಹೊಳೆಯುವ ಕೊಳವೆಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿ ಮಣ್ಣು ಉಳಿದರೆ ಒಳಗಿನ ಸೀಲು ಹರಿಯುತ್ತದೆ.

ಚೈನು ಪೂರ್ತಿ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿಬಿಡಿ. ಮಳೆಗಾಲಕ್ಕೆ ದಪ್ಪ ಎಣ್ಣೆ, ಬೇಸಿಗೆಗೆ ಮೇಣದ ಅಥವಾ ತೆಳು ಎಣ್ಣೆ. ಬೇಸಿಗೆಯಲ್ಲಿ ದಪ್ಪ ಎಣ್ಣೆ ಹಾಕಿದರೆ ಧೂಳು ಸೇರಿ ಅರೆಯುವ ಕಲ್ಲಾಗುತ್ತದೆ. ತೆಂಗಿನೆಣ್ಣೆ ಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಡಿಸ್ಕಿಗೆ ಮಾತ್ರ ಒಂದು ಹನಿ ಎಣ್ಣೆಯೂ ತಾಗಬಾರದು. ತಾಗಿದರೆ ಬ್ರೇಕು ಹಿಡಿಯುವುದಿಲ್ಲ, ಪ್ಯಾಡೇ ಬದಲಿಸಬೇಕಾಗುತ್ತದೆ.

ಚೀಲದಲ್ಲಿ ಏನಿರಬೇಕು

ಒಂದು ಟ್ಯೂಬು, ಟಯರ್ ತೆಗೆಯುವ ಎರಡು ಪಟ್ಟಿ, ಸಣ್ಣ ಪಂಪು, ಅಲೆನ್ ಕೀಲಿಗಳ ಕಟ್ಟು, ಚೈನಿನ ಜೋಡಣೆ ಕೊಂಡಿ, ಗೇರು ಹಿಡಿಯುವ ಹಿಂದಿನ ಹ್ಯಾಂಗರ್ ಒಂದು. ಇದು ಪ್ರತಿ ಸೈಕಲ್ಲಿಗೂ ಬೇರೆ, ಇಲ್ಲಿ ಸಿಗುವುದು ಕಷ್ಟ, ಕೊಳ್ಳುವಾಗಲೇ ಇನ್ನೊಂದು ತೆಗೆದಿಡಿ. ಜೊತೆಗೆ ಬ್ಯಾಂಡೇಜು, ಶಿಳ್ಳೆ, ಟಾರ್ಚು, ಬಾಳೆಹಣ್ಣು, ಶೇಂಗಾ ಚಿಕ್ಕಿ. ಡಿಸೆಂಬರಿನಲ್ಲಿ ಸೂರ್ಯ 6ಕ್ಕೆ ಮುಳುಗುತ್ತಾನೆ, ಕಾನಿನೊಳಗೆ 5.30ಕ್ಕೇ ಕತ್ತಲು.

ಒಬ್ಬರೇ ಹೋಗುವುದಾದರೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಬೇಡ. ಓಡಬೇಡಿ, ಸೈಕಲ್ ತುಳಿಯಬೇಡಿ. ಕಚ್ಚಿದ ಭಾಗ ಅಲುಗಿಸದೆ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಸೇರಿ. ಸಿಗ್ನಲ್ ಸಿಗುವ ದಿಣ್ಣೆ ಯಾವುದೆಂದು ನೋಡಿಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದು ಇದಕ್ಕೆ.

ಮೃಗಶಿರಕ್ಕೆ ಮೊದಲು

ಮೇ ಕೊನೆಯಲ್ಲಿ ಸೈಕಲ್ ಪೂರ್ತಿ ತೊಳೆದು ಒಣಗಿಸಿ. ಸೀಟಿನ ಕಂಬ ಹೊರತೆಗೆದು ಗ್ರೀಸ್ ಹಚ್ಚಿ ಮತ್ತೆ ಹಾಕಿ, ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅಂಟಿ ಕೂರುತ್ತದೆ. ಕಾರ್ಬನ್ ಕಂಬಕ್ಕೆ ಗ್ರೀಸ್ ಬೇಡ. ಮಳೆಗಾಲದಲ್ಲಿ ಹೊಡೆಯದೇ ಇರುವುದಾದರೆ ಚಕ್ರಕ್ಕೆ ಅರ್ಧ ಗಾಳಿ ಬಿಟ್ಟು, ಅಡಿಕೆ ಚೀಲ ಇಡುವ ಒಣ ಜಾಗದಲ್ಲಿ ತೂಗುಹಾಕಿ. ಹೆಲ್ಮೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯದ ಹಾಗೆ ಆಗಾಗ ಬಿಸಿಲು ಕಾಣಿಸಿ, ಬಿಸಿಲು ಬಂದರೆ.

ಹಸ್ತ ಮಳೆ ಬಿಟ್ಟ ಮೊದಲ ಭಾನುವಾರ ಸೈಕಲ್ ಇಳಿಸಬೇಡಿ. ಕತ್ತಿ ಬೇಡ, ಕೋಲೊಂದು ಹಿಡಿದು ಹಳೆಯ ಸುತ್ತನ್ನು ನಡೆದುಕೊಂಡೇ ಮುಗಿಸಿ. ಯಾವ ಸಂಕ ಉಳಿದಿದೆ, ಯಾವ ಧರೆ ಬಿದ್ದಿದೆ, ಯಾರ ಮನೆಯವರು ಹೊಸ ತಂತಿ ಹಾಕಿದ್ದಾರೆ ನೋಡಿಕೊಂಡು ಬನ್ನಿ. ಎರಡನೇ ಭಾನುವಾರ ಟಯರಿಗೆ ಗಾಳಿ ತುಂಬಿದರಾಯಿತು.